ನಗು ಎಂಬ ಕಾಲಂ

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಅಮ್ಮ, "ಕಂಪ್ಯೂಟರಲ್ಲಿ ಜೋಡಿ ಹೊಂದಿಸ್ತಾಳೆ" ಎಂದುಬಿಡುತ್ತಾಳೆ. ಕೇಳಿದವರು ನನ್ನನ್ನು ಮದುವೆ ದಲ್ಲಾಳಿ ಎಂದುಕೊಂಡು, ಹಾಗಾದರೆ ಇವಳಿಗೇ ಯಾಕೆ ಇನ್ನೂ ಒಂದೂ ಹೊಂದಲಿಲ್ಲ ಎಂಬಂತೆ ಮುಖ ನೋಡುತ್ತಾರೆ. ತಿದ್ದಿ ತಿದ್ದಿ ನನಗೂ ಸಾಕಾಗಿದೆ. ಒಂದು ಲೆಕ್ಕದಲ್ಲಿ ಅಮ್ಮ ಹೇಳುವುದು ಸುಳ್ಳೂ ಅಲ್ಲ.

ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಮೂರು ಮೇಜು, ಕೆಳಗಿನಿಂದ ಏರಿ ಬರುವ ಪಂಕ್ಚರ್ ಅಂಟಿನ ವಾಸನೆ: ಇಷ್ಟೇ ನಮ್ಮ ಕಚೇರಿ. ಅಲ್ಲಿಂದ ನಾವೊಂದು ಜಾಲತಾಣ ನಡೆಸುತ್ತೇವೆ. ಮಗುವಿಗೆ ಏನೋ ಆಗಿದೆ, ಏನೆಂದು ಯಾರೂ ಹೇಳುತ್ತಿಲ್ಲ ಎನ್ನುವ ತಂದೆತಾಯಿಗಳು ದಿನದಿನದ ವಿಷಯ ಬರೆದಿಡುವ ತಾಣ ಅದು. ಇಂಥದ್ದೇ ಪಟ್ಟಿ ತುಂಬಿ ಎಂದು ನಾವು ಹೇಳುವುದಿಲ್ಲ. ಆಸ್ಪತ್ರೆಯ ಪಟ್ಟಿಗಳಲ್ಲಿ ತಮ್ಮ ಮಗುವಿಗೆ ಜಾಗ ಸಿಗದೆ ಬೇಸತ್ತು ಇಲ್ಲಿಗೆ ಬಂದವರು ಅವರು. ಆದ್ದರಿಂದ ಯಾವ ಮನೆಗೆ ಯಾವ ಕಾಲಂ ಬೇಕೋ ಅದನ್ನು ಆ ಮನೆಯವರೇ ಮಾಡಿಕೊಂಡು, ತೋಚಿದ ಹೆಸರು ಇಡುತ್ತಾರೆ. ಒಬ್ಬಳು ಜ್ವರ ಎಂದರೆ ಇನ್ನೊಬ್ಬಳು ಮೈ ಬಿಸಿ ಎನ್ನುತ್ತಾಳೆ. ಮೂರನೆಯವನು 'ಕೈ ಸುಡುತ್ತೆ' ಎಂದು ಬರೆದು ಸುಮ್ಮನಾಗುತ್ತಾನೆ. ಮೂರೂ ಒಂದೇ ಎಂದು ಯಾರಾದರೂ ಜೋಡಿಸಿದರೆ ಮಾತ್ರ ಮೂರು ಮನೆಯ ಮಕ್ಕಳು ವೈದ್ಯರ ಕಣ್ಣಿಗೆ ಒಟ್ಟಿಗೆ ಬೀಳುತ್ತಾರೆ. ಇಲ್ಲದಿದ್ದರೆ ಒಂದೊಂದು ಮನೆಯದೂ ಒಂದೊಂದು ಬಾವಿ, ಒಳಗೊಂದೊಂದು ಕಪ್ಪೆ.

ಹಾಗೆ ಜೋಡಿಸುವವಳು ನಾನು. ಮೊದಲು ಯಂತ್ರ ಹುಡುಕುತ್ತದೆ. ಅದಕ್ಕೆ ಕಾಲಮ್ಮಿನ ಹೆಸರು ಬೇಡ. ಒಳಗೆ ಬರೆದದ್ದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಮೇಲೆ ಏನಾಗುತ್ತದೆ ಎಂದಷ್ಟೇ ನೋಡಿ, ಹೋಲುವ ಎರಡನ್ನು ತಂದು ನನ್ನ ಮುಂದೆ ಇಡುತ್ತದೆ. ನಾನು ಎರಡೂ ಮನೆಯ ಟಿಪ್ಪಣಿ ಓದಿ 'ಒಂದೇ' ಎಂದೋ 'ಬೇರೆ' ಎಂದೋ ಒತ್ತಬೇಕು. ಒಮ್ಮೆ ಅದು ಒಬ್ಬಳ 'ಅತ್ತೆ ಬಂದ ದಿನ' ಕಾಲಮ್ಮನ್ನು ಇನ್ನೊಬ್ಬಳ 'ಹೊಟ್ಟೆನೋವು' ಕಾಲಮ್ಮಿಗೆ ತಂದು ಗಂಟುಹಾಕಿತ್ತು. ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಆಮೇಲೆ ನೋಡಿದರೆ ಆ ಅತ್ತೆ ಬಂದಾಗಲೆಲ್ಲ ಮೊಮ್ಮಗನಿಗೆ ಕದ್ದು ಮಿಠಾಯಿ ತಿನ್ನಿಸುತ್ತಿದ್ದಳು. ಹೆಸರು ಒಂದೇ ಇದ್ದು ವಿಷಯ ಬೇರೆ ಇರುವುದೂ ಉಂಟು. 'ಸುಸ್ತು' ಎಂಬ ಎರಡು ಕಾಲಂಗಳಲ್ಲಿ ಒಂದು ಮಗುವಿನ ಸುಸ್ತು, ಇನ್ನೊಂದರಲ್ಲಿ ಒಬ್ಬ ತಾಯಿ ತನ್ನದೇ ಸುಸ್ತು ಬರೆದುಕೊಂಡಿದ್ದಳು. ಅವಳದ್ದನ್ನು 'ಬೇರೆ' ಎಂದು ಒತ್ತುವಾಗ ನನಗೆ ಸಂಕಟವಾಗಿತ್ತು.

ಈ ತಾಣ ಕಟ್ಟಿದವರು ಮೇಷ್ಟ್ರು. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಹೆಸರು ಅವರನ್ನು ಬಿಟ್ಟಿಲ್ಲ. ಅವರು ಮಾಡಿದ ನಿಯಮ ಎರಡೇ. ಕಾಲಂ ಮಾಡಿದವರು ಒಪ್ಪದೆ ಅದನ್ನು ಇನ್ನೊಂದಕ್ಕೆ ಸೇರಿಸಬಾರದು. ತಮ್ಮ ಮನೆಯವರ ಕಾಲಮ್ಮನ್ನು ತಾವೇ ತೀರ್ಮಾನಿಸಬಾರದು. ಎರಡನೆಯದು ನನಗಾಗಿಯೇ ಇದ್ದ ನಿಯಮ, ಏಕೆಂದರೆ ನನ್ನ ಅಕ್ಕನೂ ಅಲ್ಲಿ ಬರೆಯುತ್ತಿದ್ದಳು.

ಅಕ್ಕ ಟೈಲರ್. ಮುಂಗೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಎಷ್ಟು ತಿಕ್ಕಿದರೂ ಅವರ ಉಗುರಿನ ಕಪ್ಪು ಹೋಗುವುದಿಲ್ಲ. ಅವರಿಗೆ ಇರುವವಳು ಒಬ್ಬಳೇ ಮಗಳು, ಗುಬ್ಬಿ. ಐದಕ್ಕೆ ಕಾಲಿಟ್ಟರೂ ಎರಡು ಮಾತು ಕೂಡಿಸಿ ಆಡುತ್ತಿರಲಿಲ್ಲ. ಕರೆದರೆ ತಿರುಗಿದರೆ ತಿರುಗಿದಳು, ಇಲ್ಲವಾದರೆ ಇಲ್ಲ. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದನ್ನು ಎಸೆಯುವಳು. ವೈದ್ಯರು ಕೆಲವು ಮಕ್ಕಳು ನಿಧಾನ, ನೋಡೋಣ ಎನ್ನುತ್ತಿದ್ದರು. ಆ 'ನೋಡೋಣ' ಹೊತ್ತುಕೊಂಡು ಅಕ್ಕ ಭಾವ ಊರೂರು ಅಲೆದಿದ್ದರು. ತಾಣದಲ್ಲಿ ಕಾಲಂ ಮಾಡುವುದನ್ನು ಅಕ್ಕನಿಗೆ ಹೇಳಿಕೊಟ್ಟವಳು ನಾನೇ. ಅವಳು ಮಾತು, ನಿದ್ದೆ, ಊಟ, ಸಿಟ್ಟು ಎಂದು ಮಾಡಿದಳು. ದಿನವೂ ಮಾತು ಇಲ್ಲ, ನಿದ್ದೆ ಇಲ್ಲ ಎಂದು ಬರೆಯುತ್ತಾ ಹೋದಳು. ಒಂದು ದಿನ ಬೇಜಾರಾಗಿ, "ಬರೀ ಇಲ್ಲ ಇಲ್ಲ ಅಂತಾನೇ ಎಷ್ಟು ಬರೀಲಿ? ಇದೆ ಅಂತ ಬರೆಯೋಕೂ ಒಂದಿರಲಿ" ಎಂದು ಇನ್ನೊಂದು ಕಾಲಂ ಮಾಡಿದಳು. ಅದಕ್ಕೆ ನಗು ಎಂದು ಹೆಸರಿಟ್ಟಳು.

ಏಕೆಂದರೆ ಗುಬ್ಬಿ ನಗುತ್ತಿದ್ದಳು. ಬೆಳಗ್ಗೆ ಏಳುವಾಗ, ಇನ್ನೂ ಹೊದಿಕೆಯೊಳಗೇ ಇದ್ದು, ಗಿಲಿಗಿಲಿ ಎಂದು ಶುರುಮಾಡಿ ಮನೆ ತುಂಬುವಂತೆ ನಗುತ್ತಿದ್ದಳು. ಅಕ್ಕ ಸ್ಟವ್ ಸಣ್ಣಗೆ ಮಾಡಿ ಓಡಿ ಬರುತ್ತಿದ್ದಳು. ಭಾವ ಅರ್ಧ ಗಡ್ಡ ಕೆರೆದ ಮುಖದಲ್ಲೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಜೊತೆಗೇ ಇರುವ ಅಮ್ಮ ಮಂಚದ ತುದಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪ್ರಕಾರ ಅದು ತೀರಿಹೋದ ನಮ್ಮಪ್ಪನ ನಗು. ಅಪ್ಪನೂ ಹೀಗೇ, ಕಾರಣ ಕೇಳಿದರೆ ಹೇಳುತ್ತಿರಲಿಲ್ಲ, ನಕ್ಕು ಮುಗಿಸಿಯೇ ಮಾತು. ನಾನು ಉಳಿದುಕೊಂಡ ದಿನ ನಾನೂ ಹೋಗಿ ನಿಲ್ಲುತ್ತಿದ್ದೆ. ಎರಡು ವರ್ಷದಿಂದ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹಾಗೆ. ನಮಗೆ ಬೇರೆ ಯಾವ ಸುಖ ಇಲ್ಲದಿದ್ದರೂ ಅದೊಂದಿತ್ತು.

ಯಂತ್ರ ಆ ನಗುವಿಗೆ ಜೋಡಿ ತಂದದ್ದು ಒಂದು ಸೋಮವಾರ. ಪರದೆಯ ಎಡಕ್ಕೆ ಅಕ್ಕನ 'ನಗು', ಬಲಕ್ಕೆ ಬೇರೆ ಊರಿನ ಯಾರೋ ಮಾಡಿದ 'ಅದು'. ಹೆಸರೇ 'ಅದು'. ಬರೆದವರು ಚಿನ್ನುವಿನ ಅಪ್ಪ. ಇದಕ್ಕೂ ತಲೆ ಕೆಟ್ಟಿತು ಎಂದು ಯಂತ್ರವನ್ನು ಬೈದುಕೊಂಡೆ. ನಿಯಮದ ಪ್ರಕಾರ ನಾನದನ್ನು ಆಗಲೇ ಮೇಷ್ಟ್ರ ಕಡೆಗೆ ದಾಟಿಸಬೇಕಿತ್ತು. ಆದರೆ ಓದಬಾರದೆಂಬ ನಿಯಮವೇನೂ ಇರಲಿಲ್ಲ.

ಅಕ್ಕ ಬರೆದಿದ್ದಳು: "ಎದ್ದ ಕೂಡಲೇ ನಕ್ಕಳು. ಕೆನ್ನೆ ಕೆಂಪಾಗುವಷ್ಟು. ನಕ್ಕು ನಕ್ಕು ಸುಸ್ತಾಗಿ ಮತ್ತೆ ಮಲಗಿಬಿಟ್ಟಳು, ಬಂಗಾರ."

ಚಿನ್ನುವಿನ ಅಪ್ಪ ಬರೆದಿದ್ದರು: "ಏಳುವಾಗ ಬಂತು. ಮುಖ ಕೆಂಪಾಯಿತು. ಮುಗಿದ ಮೇಲೆ ಮಲಗಿಬಿಟ್ಟ."

ಅಕ್ಕ: "ಇವತ್ತು ಅವಳಪ್ಪ ಜ್ವರದಲ್ಲಿ ಮಲಗಿದ್ದರು. ಅವರನ್ನು ನಗಿಸಲೆಂದೇ ಮಧ್ಯಾಹ್ನವೂ ನಕ್ಕಳು."

ಚಿನ್ನುವಿನ ಅಪ್ಪ: "ಇವತ್ತು ನಮ್ಮ ತಾಯಿ ತೀರಿಕೊಂಡರು. ಎಲ್ಲರ ನಡುವೆ ಬಂತು."

ನಾನು ಕೆಳಗೆ ಕೆಳಗೆ ಓದುತ್ತಾ ಹೋದೆ. ಅಕ್ಕ ಟೈಲರ್ ಅಲ್ಲವೇ, ಅಳತೆ ಬಿಟ್ಟವಳಲ್ಲ. ಯಾವಾಗ ನಕ್ಕಳು, ಎಷ್ಟು ಹೊತ್ತು, ತಲೆ ಯಾವ ಕಡೆ ವಾಲಿತ್ತು ಎಲ್ಲ ಇತ್ತು. ಆ ಕಡೆಯೂ ಅಷ್ಟೇ ಇತ್ತು. ಕಾಲಮ್ಮಿನ ಮೇಲ್ಗಡೆ ಚಿನ್ನುವಿನ ಅಪ್ಪ ಒಂದು ಟಿಪ್ಪಣಿ ಹಾಕಿದ್ದರು. ಇದು ನೋಡುವವರಿಗೆ ನಗುವಿನಂತೆಯೇ ಕಾಣುತ್ತದೆ, ನಾವೂ ಬಹಳ ದಿನ ಹಾಗೆಯೇ ತಿಳಿದಿದ್ದೆವು, ಇದು ಒಂದು ಬಗೆಯ ಫಿಟ್ಸ್ ಎಂದು ವೈದ್ಯರು ಹೇಳಿ ಆಪರೇಷನ್ ಮಾಡಿದ್ದಾರೆ, ಮಗುವಿಗೆ ನಗು ಬಂದಿರುವುದಿಲ್ಲ, ಬಾಯಿ ಮತ್ತು ಗಂಟಲು ಮಾತ್ರ ನಗುತ್ತವೆ, ಹಾಗಾಗಿ ಇದನ್ನು ನಗು ಎಂದು ಕರೆಯಲು ನನಗೆ ಮನಸ್ಸಿಲ್ಲ, ಎಂದು.

'ಬೇರೆ' ಎಂಬ ಗುಂಡಿ ಅಲ್ಲೇ ಬೆರಳ ತುದಿಯಲ್ಲಿತ್ತು. ಒತ್ತಿದ್ದರೆ ಯಂತ್ರ ಮತ್ತೆಂದೂ ಕೇಳುತ್ತಿರಲಿಲ್ಲ. ಅಷ್ಟು ಸುಲಭ. ಒತ್ತಲಿಲ್ಲ ಎಂದು ಹೆಮ್ಮೆಪಡುವಂಥದ್ದೂ ಏನಿಲ್ಲ, ಹೆದರಿಕೆಯಿಂದ ಬೆರಳೇ ಏಳಲಿಲ್ಲ. ಎದ್ದು ಹೋಗಿ ಮೇಷ್ಟ್ರ ಮೇಜಿನ ಮುಂದೆ ನಿಂತೆ. ಅವರು ನನ್ನ ಪರದೆಯ ಮುಂದೆ ಬಂದು ಕೂತು, ಕನ್ನಡಕ ಹಣೆಗೇರಿಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಓದುವಾಗ ಅವರು ಯಾವಾಗಲೂ ಏನಾದರೂ ಒಂದು ತಮಾಷೆ ಮಾಡುವವರು. ಅವತ್ತು ಮಾಡಲಿಲ್ಲ.

"ಒಂದೇ ಕಣಮ್ಮ" ಎಂದರು. "ಆದ್ರೆ ನಾನೀಗ ಒತ್ತಲ್ಲ. ಒತ್ತಿದ್ರೆ ನಿಮ್ಮಕ್ಕನಿಗೆ ಯಂತ್ರದಿಂದ ಸುದ್ದಿ ಹೋಗತ್ತೆ. ಮೊದ್ಲು ನೀನು ಹೋಗು."

ನಾನು ಅಂದು ಸಂಜೆ ಅಕ್ಕನ ಮನೆಗೆ ಹೋದೆ. ಹೇಳಲಿಲ್ಲ. ಬೆಳಗ್ಗೆ ನನ್ನ ಕಣ್ಣಾರೆ ನೋಡಿಯೇ ಹೇಳುತ್ತೇನೆಂದು ನನಗೆ ನಾನೇ ನೆಪ ಹೇಳಿಕೊಂಡೆ. ಒಳಗೊಳಗೆ ಯಂತ್ರವೂ ಮೇಷ್ಟ್ರೂ ಇಬ್ಬರೂ ತಪ್ಪಿರಲಿ ಎಂದು ಹಂಬಲ.

ಬೆಳಗ್ಗೆ ಗಿಲಿಗಿಲಿ ಶುರುವಾಯಿತು. ಎಲ್ಲರೂ ಬಂದರು. ಅಕ್ಕ ಹಾಸಿಗೆಯ ಮೇಲೆ ಬಗ್ಗಿ ನಗುತ್ತಿದ್ದಳು, ಭಾವ ನಗುತ್ತಿದ್ದರು, ಅಮ್ಮ ಆಗಲೇ ಸೆರಗು ಕಣ್ಣಿಗೊತ್ತಿದ್ದಳು. ಇಷ್ಟು ದಿನ ನಾನೂ ನಗುವವಳಾದ್ದರಿಂದ ನೋಡಿರಲಿಲ್ಲ. ಅಂದು ನಗದೆ ನೋಡಿದೆ. ಗುಬ್ಬಿಯ ಬಾಯಿ ಬಿಗಿದಿತ್ತು. ಕಣ್ಣು ಗೋಡೆಯ ಮೇಲೆ, ಏನೂ ಇಲ್ಲದ ಕಡೆ ನೆಟ್ಟಿತ್ತು. ನಾನು ಅವಳ ಮುಖದ ಮುಂದೆ ಕೈ ಆಡಿಸಿದೆ. ಗುಬ್ಬೀ ಎಂದು ಕರೆದೆ. ಅಂಗೈಯಲ್ಲಿ ಕಚಗುಳಿ ಇಟ್ಟೆ. ನಗು ಏರಲೂ ಇಲ್ಲ, ಇಳಿಯಲೂ ಇಲ್ಲ. ತನ್ನ ಪಾಡಿಗೆ ತಾನು ನಡೆದು, ನಲ್ಲಿ ನಿಲ್ಲಿಸಿದಂತೆ ನಿಂತಿತು. ಅವಳು ಯಾರ ಮುಖವನ್ನೂ ನೋಡದೆ ಮಗ್ಗುಲಾಗಿ ಮಲಗಿದಳು.

ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಅಕ್ಕ ಮಾತ್ರ ನನ್ನನ್ನೇ ನೋಡುತ್ತಾ, ನೀನ್ಯಾಕೆ ಇವತ್ತು ನಗಲಿಲ್ಲ ಎಂದು ಕೇಳಿದಳು. ಚಿಕ್ಕಂದಿನಿಂದಲೂ ಅವಳ ಮುಂದೆ ನನ್ನ ಸುಳ್ಳು ನಿಂತದ್ದಿಲ್ಲ. ಮೆಷಿನ್ನಿನ ಪಕ್ಕ ಕೂರಿಸಿ ಎಲ್ಲ ಹೇಳಿದೆ. ಫೋನಿನಲ್ಲಿ 'ಅದು' ತೋರಿಸಿದೆ. ಅವಳು ಎರಡು ಸಾಲು ಓದಿ ಫೋನನ್ನು ನನ್ನ ಕಡೆ ತಳ್ಳಿದಳು. ಎತ್ತಿದ ದನಿಯಲ್ಲಿ ಏನೂ ಹೇಳಲಿಲ್ಲ. ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ, ನನಗೇನು ಬಾಯಿಗೆ ಬರವೇ.

"ನಡಿಗೆ ತಡ ಅಂದ್ರು, ಸರಿ ಅಂದೆ. ಮಾತು ಬರಲ್ವೇನೋ ಅಂದ್ರು, ಅದಕ್ಕೂ ಸರಿ ಅಂದೆ" ಎಂದಳು. "ಅವಳದ್ದು ಅಂತ ಉಳಿದಿರೋದು ಇದೊಂದು. ಇದನ್ನೂ ತಗೊಂಡ್ಹೋಗಿ ಕಾಯಿಲೆ ಲೆಕ್ಕಕ್ಕೆ ಸೇರಿಸ್ತೀಯಾ? ಬೇರೆ ಯಾರೋ ಆಗಿದ್ರೆ ಕೇಳ್ತಿದ್ದೆ. ನೀನು ಅವಳ ಚಿಕ್ಕಮ್ಮ ಕಣೇ."

ಆಮೇಲೆ ಕತ್ತಿನ ಟೇಪು ತೆಗೆದು ಕೈಗೆ ಸುತ್ತುತ್ತಾ, ಗಿರಾಕಿ ಬರುವ ಹೊತ್ತಾಯಿತು, ನೀನಿನ್ನು ಹೊರಡು ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು ಬರಲಿ ಎಂದು ನೋಡಿದೆ. ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ತಂಗಿಯನ್ನು ಮೆಟ್ಟಿಲಿನಿಂದ ತಳ್ಳಿಯೇಬಿಡುತ್ತಿದ್ದೆ.

ಅನಂತರ ಅಕ್ಕ ಫೋನ್ ಎತ್ತಲಿಲ್ಲ. ತಾಣದಲ್ಲಿ ಅವಳ ಬೇರೆ ಕಾಲಂಗಳೆಲ್ಲ ದಿನವೂ ತುಂಬುತ್ತಿದ್ದವು. ನಗು ಮಾತ್ರ ಖಾಲಿ ಬೀಳುತ್ತಿತ್ತು. ಗುಬ್ಬಿ ನಗುವುದು ನಿಂತಿಲ್ಲ ಎಂದು ನನಗೆ ಅಮ್ಮನಿಂದ ಗೊತ್ತು. ಅಕ್ಕನೇ ಈಗ ಸ್ಟವ್ ಬಿಟ್ಟು ಬರುವುದಿಲ್ಲವಂತೆ. ನಿಮ್ಮಿಬ್ಬರಿಗೂ ಏನು ಬಂತು ಎಂದು ಅಮ್ಮ ಇಬ್ಬರನ್ನೂ ಬೈದಳು. ಅವಳಿಗೆ ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ನಾನು ಮೇಷ್ಟ್ರ ಮೇಲೆ ಹರಿಹಾಯ್ದೆ. ಮಗುವಿನ ಜೀವದ ವಿಷಯ, ಒಪ್ಪಿಗೆ ಗಿಪ್ಪಿಗೆ ಎಂದು ಕೂರುವುದೇನು, ಒತ್ತಿಬಿಡಿ, ವೈದ್ಯರಿಗೆ ಕಾಣಲಿ ಎಂದೆ. ಅವರು ಬೈಸಿಕೊಂಡರು. ಕೊನೆಗೆ, ಒತ್ತಿದರೆ ಪಟ್ಟಿ ಸೇರುತ್ತದೆ, ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾದವಳು ಅವಳೇ ತಾನೇ ಎಂದರು.

ಒಂದು ಮಧ್ಯಾಹ್ನ ಅಕ್ಕ ತಾನೇ ಬಂದಳು. ಗುಬ್ಬಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕಚೇರಿಯ ಕಡಿದಾದ ಮೆಟ್ಟಿಲು ಏರಿ ಏದುಸಿರು ಬಿಡುತ್ತಾ ನಿಂತಳು. ಕುರ್ಚಿ ಎಳೆದರೂ ಕೂರಲಿಲ್ಲ. ಆ ಚಿನ್ನುವಿನ ಅಪ್ಪನ ಜೊತೆ ಮಾತಾಡಬೇಕು ಎಂದಳು. ಮೇಷ್ಟ್ರು ಮೊದಲು ಅವರನ್ನು ಕೇಳಿ, ಒಪ್ಪಿಸಿ, ಫೋನನ್ನು ಅಕ್ಕನ ಕೈಗೆ ಕೊಟ್ಟು ಕೆಳಗೆ ಹೋದರು. ನಾನೂ ಹೊರಟಾಗ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಗುಬ್ಬಿಯನ್ನು ನಾನೆತ್ತಿಕೊಂಡೆ.

ವೈದ್ಯರ ಹೆಸರು, ಖರ್ಚು, ಆಪರೇಷನ್ ಎಂದೆಲ್ಲ ಅವಳು ಕೇಳುತ್ತಾಳೆಂದು ನಾನೆಣಿಸಿದ್ದೆ. ಅವಳು ಕೇಳಿದ್ದು ಒಂದೇ. "ಅಣ್ಣಾ, ಆಪರೇಷನ್ ಆದ್ಮೇಲೆ ನಿಮ್ಮ ಮಗ ನಗ್ತಾನಾ?"

ಆ ಮನುಷ್ಯ ಹೇಳಿದ್ದು ನನಗೂ ಕೇಳಿಸಿತು. "ಇಲ್ಲಮ್ಮ, ಇನ್ನೂ ಇಲ್ಲ. ಸುಳ್ಳು ಹೇಳಲ್ಲ. ಮನೆ ಬಿಕೋ ಅನ್ನತ್ತೆ. ಆದ್ರೆ ಮೊನ್ನೆ ಬಿದ್ದು ಮಂಡಿ ತರಚಿಕೊಂಡ. ನಮ್ಮನ್ನ ಹುಡುಕ್ಕೊಂಡು ಬಂದು ಅತ್ತ. ಹುಟ್ಟಿದಾಗಿಂದ ನನ್ನ ಹತ್ರ ಬಂದು ಅತ್ತಿದ್ದು ಅದೇ ಮೊದ್ಲು."

ಅಕ್ಕ ಫೋನ್ ಮೇಜಿನ ಮೇಲಿಟ್ಟು ಕೂತಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಎಲ್ಲಿ ಒತ್ತಬೇಕು ತೋರಿಸು ಎಂದಳು. ಮೇಷ್ಟ್ರನ್ನು ಕೂಗಿ ಕರೆದೆ. ಅವರು ಬಂದು 'ಒಂದೇ' ಒತ್ತಿದರು, ಅಕ್ಕನ ಫೋನಿಗೆ ಸುದ್ದಿ ಬಂತು, ಅವಳು ಒಪ್ಪಿಗೆ ಎಂದು ಒತ್ತಿದಳು. ಚಿನ್ನುವಿನ ಅಪ್ಪ ಆ ಕಡೆ ಕಾದೇ ಇದ್ದರೋ ಏನೋ, ಅವರ ಒಪ್ಪಿಗೆಯೂ ಕೂಡಲೇ ಬಂತು. ಸೇರಿದ ಕಾಲಮ್ಮಿಗೆ ಎರಡು ಹೆಸರಲ್ಲಿ ಯಾವುದು ಉಳಿಯಲಿ ಎಂದು ಯಂತ್ರ ಕೇಳಿತು. ಅಕ್ಕ 'ಅದು' ಎಂಬುದನ್ನು ಆರಿಸಿದಳು. ಎರಡು ವರ್ಷದ ಬೆಳಗುಗಳೆಲ್ಲ, ಬಂಗಾರ ಎಂದು ಬರೆದದ್ದೂ ಸೇರಿ, ಆ ಹೆಸರಿನ ಕೆಳಗೆ ಸರಿದುಹೋದವು. ನಾನು ದಿನಕ್ಕೆ ಹತ್ತಾರು ಸಲ ನೋಡುವ ದೃಶ್ಯ ಅದು. ಅಂದು ನೋಡಲಾಗಲಿಲ್ಲ, ಗುಬ್ಬಿಯ ತಲೆಗೂದಲಲ್ಲಿ ಮುಖ ಹುದುಗಿಸಿದೆ.

ಮುಂದಿನದೆಲ್ಲ ಆಸ್ಪತ್ರೆ. ಚಿನ್ನುವನ್ನು ನೋಡಿದ ವೈದ್ಯೆಯೇ ಜೋಡಿಸಿದ ಕಾಲಂ ಓದಿ ಕರೆಸಿಕೊಂಡರು. ಗುಬ್ಬಿಯ ತಲೆಯೊಳಗೆ, ಮಧ್ಯದಲ್ಲಿ, ಬಟಾಣಿಯಷ್ಟು ಒಂದು ಗಂಟು. ಹುಟ್ಟುವಾಗಲೇ ಇದ್ದದ್ದಂತೆ. ನಗುವನ್ನು ಹೊರಡಿಸುತ್ತಿದ್ದುದೂ ಅದೇ, ಮಾತನ್ನು ತಡೆದಿದ್ದುದೂ ಬಹುಶಃ ಅದೇ. ಇನ್ನೂ ಬಿಟ್ಟಿದ್ದರೆ ಬೇರೆ ಬಗೆಯ ಫಿಟ್ಸ್ ಶುರುವಾಗುತ್ತಿದ್ದವು ಎಂದರು. ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಭಾವನೇ ನಿಧಾನವಾಗಿ ಬಿಡಿಸಿ ಹೇಳಿದರು. ಅವಳು ಎಲ್ಲ ಕೇಳಿ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಿಮ್ಮಪ್ಪನ ನಗುನೂ ಕಾಯಿಲೆನೇನೇ?"

"ಇಲ್ಲಮ್ಮ. ಅಪ್ಪಂದು ನಗುನೇ" ಎಂದೆ. ನನಗೇನು ಗೊತ್ತು? ಆದರೂ ಅಂದೆ, ಅವಳು ತಲೆದೂಗಿದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಗುಬ್ಬಿ ಔಷಧದ ಮಂಪರಿನಲ್ಲೇ ಇದ್ದಳು. ಮನೆಗೆ ಕರೆತಂದ ಮಾರನೆಯ ಬೆಳಗ್ಗೆ ಯಾರೂ ಯಾರನ್ನೂ ಕರೆಯದೆ ಎಲ್ಲರೂ ಅವಳ ಹಾಸಿಗೆಯ ಸುತ್ತ ಸೇರಿದೆವು. ಅಭ್ಯಾಸ ಎನ್ನಬೇಕು, ಅಥವಾ ಆಸೆ. ಅಮ್ಮ ತನ್ನ ಮಾಮೂಲು ಜಾಗದಲ್ಲಿ ಕೂತಿದ್ದಳು. ಭಾವ ಬಾಗಿಲು ಬಿಟ್ಟು ಹತ್ತಿರ ಬಂದಿದ್ದರು. ಅಕ್ಕ ಹಾಸಿಗೆಯ ಮೇಲೆ ಬಗ್ಗಿ ನಿಂತಿದ್ದಳು. ಎಲ್ಲರೂ ಗುಬ್ಬಿಯ ಬಾಯನ್ನೇ ನೋಡುತ್ತಿದ್ದೆವು.

ಗುಬ್ಬಿ ಕಣ್ಣು ಬಿಟ್ಟಳು. ಬಾಯಿ ಅಲುಗಲಿಲ್ಲ. ಹೊದಿಕೆಯೊಳಗಿಂದ ಅವಳು ಮೊದಲು ಅಜ್ಜಿಯನ್ನು ನೋಡಿದಳು. ಆಮೇಲೆ ಅಪ್ಪನನ್ನು. ಆಮೇಲೆ ನನ್ನನ್ನು. ಒಂದೊಂದು ಮುಖದ ಮೇಲೂ ಕಣ್ಣು ನಿಂತು ನಿಂತು ಮುಂದೆ ಹೋಯಿತು. ಇಷ್ಟು ಜನ ದೊಡ್ಡವರು ತನ್ನ ಮೇಲೆ ಬಗ್ಗಿ ನಿಂತಿರುವುದು ಕಂಡು ಅವಳ ತುಟಿ ನಡುಗಿತು. ಹೊದಿಕೆಯನ್ನು ಎರಡೂ ಕೈಯಲ್ಲಿ ಗದ್ದದವರೆಗೆ ಎಳೆದುಕೊಂಡಳು. ಹೆದರಿಬಿಟ್ಟಿದ್ದಳು. ಎರಡು ವರ್ಷ ನಾವು ಹೀಗೇ ಸುತ್ತ ನಿಂತು ನಕ್ಕಿದ್ದೆವು, ಒಂದು ದಿನವೂ ಹೆದರಿರಲಿಲ್ಲ. ಹೆದರಲು ಅವಳು ಅಲ್ಲಿ ಇದ್ದಿದ್ದರೆ ತಾನೇ.

ಗುಬ್ಬಿ ಜೋರಾಗಿ ಅಳುತ್ತಾ ಅಕ್ಕನ ಕಡೆಗೆ ಎರಡೂ ಕೈ ಚಾಚಿದಳು.

ಅಕ್ಕ ಅವಳನ್ನು ಬಾಚಿ ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳ ಕಣ್ಣಲ್ಲೂ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಎಲ್ಲಾರೂ ಸ್ವಲ್ಪ ಹಿಂದೆ ಹೋಗಿ" ಎಂದಳು. "ಮಗು ಈಗಷ್ಟೇ ಎದ್ದಿದೆ."